ಬಾಹ್ಯಾಕಾಶ ನಿಲ್ದಾಣಕ್ಕೆ ಹಿತ್ತಲ ಬಾಗಿಲು ಬಂದದ್ದು ಹೇಗೆ

2025ರ ಜೂನ್‌ನಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅವರ ಬಾಹ್ಯಾಕಾಶ ಪ್ರಯಾಣ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಒಮ್ಮೆ ರಾಕೆಟ್‌ನಲ್ಲಿ ದ್ರವ ಆಮ್ಲಜನಕ ಸೋರುತ್ತಿತ್ತು. ಅದರ ಬೆನ್ನಿಗೇ ಇನ್ನೊಂದು ಸುದ್ದಿ ಬಂತು: ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಷ್ಯನ್ ಘಟಕ ‘ಜ್ವೆಜ್ದಾ’ದ ಹಿಂತುದಿಯಲ್ಲಿ ಗಾಳಿಯ ಒತ್ತಡ ಎಂದಿನಂತಿಲ್ಲ, ಅದೇನೆಂದು ತಿಳಿಯುವವರೆಗೆ ಹೊಸಬರು ಬರುವುದು ಬೇಡ.

ಒತ್ತಡ ಕೈಕೊಟ್ಟ ಜಾಗ ಒಂದು ಪುಟ್ಟ ಓಣಿ. ಓಣಿಯ ಕೊನೆಗೆ ಒಂದು ಬಾಗಿಲು. ಸರಕು ತುಂಬಿದ ನೌಕೆಗಳು ಬಂದು ಕಚ್ಚಿಕೊಳ್ಳುವುದು ಅಲ್ಲಿಗೆ. ನಮ್ಮ ಮನೆಗಳ ಲೆಕ್ಕದಲ್ಲಿ ಅದು ಹಿತ್ತಲ ಬಾಗಿಲು. ಅದರ ವಂಶಾವಳಿ ಹುಡುಕುತ್ತ ಹೋದರೆ 1977ಕ್ಕೆ ಮುಟ್ಟುತ್ತೇವೆ. ಬಾಹ್ಯಾಕಾಶ ನಿಲ್ದಾಣಗಳ ಚರಿತ್ರೆಯನ್ನು ಸಾಮಾನ್ಯವಾಗಿ ಯಾರು ಮೊದಲು, ಯಾರು ಎಷ್ಟು ದಿನ ಇದ್ದರು ಎಂಬ ದಾಖಲೆಗಳ ಪಟ್ಟಿಯಾಗಿ ಹೇಳುತ್ತಾರೆ. ಬಾಗಿಲುಗಳನ್ನು ಎಣಿಸುತ್ತ ಹೋದರೆ ಅದೇ ಚರಿತ್ರೆ ಬೇಗ ತಲೆಗೆ ಹತ್ತುತ್ತದೆ.

ಬೀಳುತ್ತಲೇ ಇರುವ ಮನೆ

‘ನಿಲ್ದಾಣ’ ಎಂಬ ಹೆಸರೇ ಸ್ವಲ್ಪ ದಾರಿ ತಪ್ಪಿಸುವಂಥದ್ದು. ಅದು ಎಲ್ಲೂ ನಿಂತಿಲ್ಲ. ನೆಲದಿಂದ ಸುಮಾರು 400 ಕಿ.ಮೀ. ಎತ್ತರದಲ್ಲಿ ಗಂಟೆಗೆ 27,600 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಬೆಂಗಳೂರಿನಿಂದ ಮೈಸೂರಿನಷ್ಟು ದೂರ ಅದಕ್ಕೆ 20 ಸೆಕೆಂಡಿನ ದಾರಿ. ಭೂಮಿಗೆ ಒಂದು ಸುತ್ತು ಹಾಕಲು ಸುಮಾರು 93 ನಿಮಿಷ ಸಾಕು.

ಅಷ್ಟು ಮೇಲೆ ಗುರುತ್ವ ಇಲ್ಲ ಎಂದು ಹಲವರು ತಿಳಿದಿದ್ದಾರೆ. ನೆಲದ ಮೇಲಿನ ಗುರುತ್ವದ ಶೇ 89ರಷ್ಟು ಅಲ್ಲಿಯೂ ಇದೆ. ಹಾಗಾದರೆ ಒಳಗಿನವರು ತೇಲುವುದೇಕೆ? ಗುಡ್ಡದ ಮೇಲೆ ನಿಂತು ಕಲ್ಲನ್ನು ಅಡ್ಡಲಾಗಿ ಎಸೆಯಿರಿ, ಒಂದಷ್ಟು ದೂರ ಹೋಗಿ ಬೀಳುತ್ತದೆ. ಜೋರಾಗಿ ಎಸೆದರೆ ಇನ್ನೂ ದೂರ. ಸೆಕೆಂಡಿಗೆ ಏಳೂವರೆ ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ವೇಗದಲ್ಲಿ ಎಸೆದರೆ, ಕಲ್ಲು ಎಷ್ಟು ಕೆಳಗೆ ಬೀಳುತ್ತದೋ ಅದರಡಿಯ ನೆಲವೂ ಅಷ್ಟೇ ಬಾಗಿ ಕೆಳಗೆ ಸರಿಯುತ್ತದೆ. ಬೀಳುವುದು ಮುಗಿಯುವುದೇ ಇಲ್ಲ. ಮನೆ, ಮನೆಯವರು, ಕೈಯಲ್ಲಿನ ಚಮಚ ಎಲ್ಲವೂ ಒಟ್ಟಿಗೇ ಬೀಳುತ್ತಿರುವುದರಿಂದ ಯಾವುದೂ ಯಾವುದರ ಮೇಲೂ ಭಾರ ಬಿಡುವುದಿಲ್ಲ. ತೇಲುವುದೆಂದರೆ ಇಷ್ಟೇ.

ಈ ಏರ್ಪಾಡಿಗೆ ಖರ್ಚು ಎರಡು. ಒಂದು, ಅಷ್ಟು ಎತ್ತರದಲ್ಲಿಯೂ ತೀರಾ ತೆಳುವಾದ ಗಾಳಿ ಇದೆ. ಅದರ ತಡೆಗೆ ವೇಗ ಕುಂದಿ ನಿಲ್ದಾಣ ದಿನೇದಿನೇ ಕೆಳಗಿಳಿಯುತ್ತದೆ, ಆಗಾಗ ಎಂಜಿನ್ ಉರಿಸಿ ಮೇಲೆತ್ತಬೇಕು. ಅದಕ್ಕೆ ಇಂಧನ ಬೇಕು. ಎರಡು, ಒಳಗಿರುವವರು. ಒಬ್ಬರಿಗೆ ದಿನಕ್ಕೆ ಸುಮಾರು 0.8 ಕೆ.ಜಿ. ಆಮ್ಲಜನಕವೇ ಬೇಕು. ನೀರು, ಊಟ, ಬಟ್ಟೆ ಬೇರೆ. ಮೂವರು ಆರು ತಿಂಗಳು ಇರುವುದಾದರೆ ಲೆಕ್ಕ ಟನ್‌ಗಳಿಗೆ ಹೋಗುತ್ತದೆ. ಇದನ್ನೆಲ್ಲ ಮೊದಲ ದಿನವೇ ತುಂಬಿ ಕಳಿಸಬಹುದು, ಇಲ್ಲವೇ ಮುಗಿದ ಹಾಗೆ ಸಾಗಿಸಬಹುದು. ಮೊದಲಿನದು ಬುತ್ತಿ ಕಟ್ಟಿಕೊಂಡು ಹೋದಂತೆ, ಬುತ್ತಿ ಮುಗಿದ ದಿನ ಯಾತ್ರೆಯೂ ಮುಗಿಯುತ್ತದೆ. ಎರಡನೆಯದು ಸಂಸಾರ ಹೂಡಿದಂತೆ. ಅದಕ್ಕೆ ಬಾಗಿಲು ಬೇಕು.

ಬಾಗಿಲು ತಟ್ಟುವ ಕ್ರಮ

ಎರಡು ನೌಕೆಗಳು ಕಕ್ಷೆಯಲ್ಲಿ ಬಂದು ಸೇರುವುದಕ್ಕೆ ಡಾಕಿಂಗ್ ಎನ್ನುತ್ತಾರೆ. ಮೊದಲ ತೊಡಕು ಹತ್ತಿರ ಬರುವುದರಲ್ಲೇ ಇದೆ. ಮುಂದಿನ ವಾಹನವನ್ನು ಹಿಡಿಯಲು ರಸ್ತೆಯಲ್ಲಾದರೆ ಆಕ್ಸಿಲರೇಟರ್ ಒತ್ತುತ್ತೇವೆ. ಕಕ್ಷೆಯಲ್ಲಿ ವೇಗ ಹೆಚ್ಚಿಸಿದರೆ ನೌಕೆ ಮೇಲಿನ ಕಕ್ಷೆಗೆ ಏರುತ್ತದೆ, ಅಲ್ಲಿ ಸುತ್ತು ದೊಡ್ಡದು, ಹಾಗಾಗಿ ಇನ್ನೂ ಹಿಂದೆ ಬೀಳುತ್ತದೆ. ಮುಂದಿನದನ್ನು ಹಿಡಿಯಬೇಕಾದರೆ ವೇಗ ತಗ್ಗಿಸಿ ಕೆಳಗಿನ ಕಕ್ಷೆಗೆ ಇಳಿಯಬೇಕು. ಓಟದ ಮೈದಾನದ ಒಳಗಿನ ಪಟ್ಟಿಯಲ್ಲಿ ಓಡಿದವನಂತೆ ಕಡಿಮೆ ದೂರ ಓಡಿ, ಸಮಯ ನೋಡಿ ಮತ್ತೆ ಮೇಲೇರಬೇಕು.

ಹತ್ತಿರ ಬಂದ ಮೇಲಿನ ಕೆಲಸಕ್ಕೆ ಸೋವಿಯತ್ ಎಂಜಿನಿಯರುಗಳು ಮಾಡಿಕೊಂಡ ಸಲಕರಣೆ ಸರಳ. ಬರುವ ನೌಕೆಯ ಮೂತಿಯಲ್ಲಿ ಒಂದು ಕಡ್ಡಿ, ನಿಲ್ದಾಣದ ಬಾಗಿಲಲ್ಲಿ ಒಂದು ಆಲಿಕೆ. ಎಣ್ಣೆ ಸುರಿಯುವ ಆಲಿಕೆಯಂತೆಯೇ, ಕಡ್ಡಿ ಸ್ವಲ್ಪ ಓರೆಯಾಗಿ ತಗುಲಿದರೂ ಜಾರಿಕೊಂಡು ನಡುವಿನ ಗುಂಡಿಗೇ ಬರುತ್ತದೆ. ಸೆಕೆಂಡಿಗೆ ಸುಮಾರು 30 ಸೆಂ.ಮೀ. ವೇಗದಲ್ಲಿ 7 ಟನ್ ತೂಕದ ನೌಕೆ ಬಂದು ತಗಲುತ್ತದೆ. ಕಡ್ಡಿಯ ತುದಿ ಗುಂಡಿಯಲ್ಲಿ ಸಿಕ್ಕಿಕೊಂಡರೆ ಅದು ಮೊದಲ ಹಿಡಿತ. ಆಗಿನ್ನೂ ನೌಕೆ ತುದಿಗೆ ನೇತುಬಿದ್ದು ಓಲಾಡುತ್ತಿರುತ್ತದೆ. ಓಲಾಟ ನಿಂತ ಮೇಲೆ ಮೋಟರು ಕಡ್ಡಿಯನ್ನು ಒಳಕ್ಕೆಳೆದು ಎರಡೂ ಉಂಗುರಗಳನ್ನು ಮುಖಾಮುಖಿ ತರುತ್ತದೆ. ಸುತ್ತಲಿನ ಕೊಂಡಿಗಳು ಕಚ್ಚಿಕೊಂಡು ರಬ್ಬರ್ ಗ್ಯಾಸ್ಕೆಟ್ ಅದುಮುತ್ತದೆ. ಅದು ಬಿಗಿ ಹಿಡಿತ. ಆಮೇಲೂ ಕದ ತೆಗೆಯುವಂತಿಲ್ಲ. ನಡುವಿನ ಜಾಗದ ಒತ್ತಡವನ್ನು ಗಮನಿಸುತ್ತ ಕಾಯುತ್ತಾರೆ. ಒತ್ತಡ ಕುಸಿಯದಿದ್ದರೆ ಮಾತ್ರ ಚಿಲಕ ತೆಗೆಯುವುದು.

ಒಂದೇ ಬಾಗಿಲಿನ ಸಲ್ಯೂಟ್ 1

ಜಗತ್ತಿನ ಮೊದಲ ಬಾಹ್ಯಾಕಾಶ ನಿಲ್ದಾಣ ಸಲ್ಯೂಟ್ 1 ಹಾರಿದ್ದು 1971ರ ಏಪ್ರಿಲ್ 19ರಂದು, ಬೈಕನೂರಿನಿಂದ, ಪ್ರೋಟಾನ್ ರಾಕೆಟ್‌ನಲ್ಲಿ. ಚಂದ್ರನ ಪಂದ್ಯದಲ್ಲಿ ಅಮೆರಿಕ ಗೆದ್ದಾಗಿತ್ತು. ಸೋವಿಯತ್ ಒಕ್ಕೂಟಕ್ಕೆ ಬೇಗನೆ ಬೇರೊಂದು ಪ್ರಥಮದ ಹೆಗ್ಗಳಿಕೆ ಬೇಕಿತ್ತು. ವ್ಲಾದಿಮಿರ್ ಚೆಲೊಮೇಯ್ ಅವರ ಸಂಸ್ಥೆ ‘ಅಲ್ಮಾಜ್’ ಎಂಬ ಸೇನಾ ನಿಲ್ದಾಣಕ್ಕಾಗಿ ಕಟ್ಟುತ್ತಿದ್ದ ಒಡಲನ್ನು ತೆಗೆದುಕೊಂಡು, ಅದಕ್ಕೆ ಮನುಷ್ಯರನ್ನು ಒಯ್ಯುವ ಸೋಯುಜ್ ನೌಕೆಯ ಎಂಜಿನ್, ಸೌರಫಲಕ, ನಿಯಂತ್ರಣ ಸಲಕರಣೆಗಳನ್ನು ಕೂಡಿಸಿ ಸುಮಾರು ಒಂದೇ ವರ್ಷದಲ್ಲಿ ಮುಗಿಸಿದರು. ತೂಕ 18 ಟನ್‌ಗಿಂತ ಹೆಚ್ಚು, ಅತಿ ಅಗಲದ ಕಡೆ ವ್ಯಾಸ 4.15 ಮೀಟರ್. ಈ 4.15 ಅನ್ನು ನೆನಪಿಡಿ. ಒಡಲ ಮೇಲೆ ಮೊದಲು ಬರೆದಿದ್ದ ಹೆಸರು ‘ಜಾರ್ಯಾ’, ಅಂದರೆ ಅರುಣೋದಯ. ಕೊನೆ ಗಳಿಗೆಯಲ್ಲಿ ಹೆಸರು ಸಲ್ಯೂಟ್ ಎಂದು ಬದಲಾಯಿತು.

ಬಾಗಿಲು ಒಂದೇ, ಮುಂಬಾಗಿಲು. ಅದರಿಂದ ಏನಾಗಬಹುದೆಂದು ಗೊತ್ತಾಗಲು ಒಂದು ವಾರವೂ ಹಿಡಿಯಲಿಲ್ಲ. ಸೋಯುಜ್ 10 ಬಂದು ಮೊದಲ ಹಿಡಿತ ಪಡೆಯಿತು. ಆದರೆ ಸುಮಾರು 9 ಸೆಂ.ಮೀ. ಅಂತರ ಮುಚ್ಚಿಕೊಳ್ಳಲೇ ಇಲ್ಲ. ನೌಕೆಯ ಸ್ವಯಂಚಾಲಿತ ವ್ಯವಸ್ಥೆ ಓಲಾಟವನ್ನು ಸರಿಪಡಿಸುತ್ತೇನೆಂದು ಪುಟ್ಟ ಎಂಜಿನ್‌ಗಳನ್ನು ಉರಿಸುತ್ತಲೇ ಹೋಗಿ, ಆ ಎಳೆದಾಟಕ್ಕೆ ಡಾಕಿಂಗ್ ಸಲಕರಣೆಯೇ ಜಖಂ ಆಗಿತ್ತು. ಬಿಡಿಸಿಕೊಂಡು ಹೋಗೋಣವೆಂದರೆ ಕಡ್ಡಿ ಸಲೀಸಾಗಿ ಬಿಡಲೂ ಇಲ್ಲ. ಏನೂ ಆಗದಿದ್ದರೆ ನೌಕೆಯ ಮುಂಭಾಗವನ್ನು ಅಲ್ಲಿಯೇ ಕಳಚಿ ಮಿಕ್ಕ ಭಾಗದಲ್ಲಿ ಭೂಮಿಗೆ ಬರುವ ದಾರಿ ಒಂದಿತ್ತು. ಹಾಗೆ ಮಾಡಿದ್ದರೆ ಇರುವ ಒಂದೇ ಬಾಗಿಲಿಗೆ ಬೆಣೆ ಬಡಿದಂತಾಗಿ ನಿಲ್ದಾಣ ಶಾಶ್ವತವಾಗಿ ನಿರುಪಯೋಗಿಯಾಗುತ್ತಿತ್ತು. ಸುಮಾರು ಐದೂವರೆ ಗಂಟೆಯ ಮೇಲೆ ಕಡ್ಡಿ ಬಿಟ್ಟುಕೊಟ್ಟಿತು.

ಜೂನ್ 7ರಂದು ಸೋಯುಜ್ 11ರಲ್ಲಿ ಬಂದ ಗ್ಯೋರ್ಗಿ ದೊಬ್ರೊವೊಲ್ಸ್ಕಿ, ವ್ಲಾದಿಸ್ಲಾವ್ ವೋಲ್ಕೊವ್, ವಿಕ್ತರ್ ಪತ್ಸಾಯೆವ್ ಒಳಗೆ ಕಾಲಿಟ್ಟ ಮೊದಲಿಗರು. ಮೂರು ವಾರ ಅಲ್ಲಿದ್ದರು. ಜೂನ್ 30ರಂದು ಮರಳುವಾಗ ನೌಕೆಯ ಭಾಗಗಳು ಕಳಚಿಕೊಂಡ ಅದುರಿಗೆ ಒಂದು ವಾಲ್ವ್ ತೆರೆದುಕೊಂಡಿತು. ನೆಲದ ಹತ್ತಿರ ಬಂದ ಮೇಲೆ ಹೊರಗಿನ ಗಾಳಿ ಒಳಬಿಡಲೆಂದು ಇದ್ದ ವಾಲ್ವ್ ಅದು. ತೆರೆದದ್ದು ಸುಮಾರು 168 ಕಿ.ಮೀ. ಎತ್ತರದಲ್ಲಿ. ಎರಡು ನಿಮಿಷದೊಳಗೆ ಒಳಗಿನ ಗಾಳಿ ಖಾಲಿಯಾಯಿತು. ಕೈಯಿಂದ ತಿರುಗಿಸಿ ಮುಚ್ಚಬಹುದಿತ್ತು, ಆದರೆ ಅದಕ್ಕೆ ಬೇಕಾದಷ್ಟು ಹೊತ್ತು ಅವರಿಗೆ ಪ್ರಜ್ಞೆ ಉಳಿಯಲಿಲ್ಲ. ಮೂವರು ಕೂರಬೇಕೆಂಬ ಕಾರಣಕ್ಕೆ ಒತ್ತಡದ ಉಡುಪು ತೊಡಿಸಿರಲಿಲ್ಲ. ಮುಂದೆ ಕೆಲವು ವರ್ಷ ಸೋಯುಜ್‌ನಲ್ಲಿ ಇಬ್ಬರೇ, ಉಡುಪು ತೊಟ್ಟೇ ಹೋದರು. ಮತ್ತೆ ಯಾರೂ ಬಾರದ ಸಲ್ಯೂಟ್ 1 ಅನ್ನು 175 ದಿನಗಳಾದ ಮೇಲೆ ಬೇಕೆಂದೇ ಕೆಳಗಿಳಿಸಿ ಸುಟ್ಟರು.

ಸ್ಕೈಲ್ಯಾಬ್: ಬಾಗಿಲು ಎರಡು, ಕೊಳಾಯಿ ಇಲ್ಲ

ಅಮೆರಿಕದ ದಾರಿ ಬೇರೆ. ಚಂದ್ರಯಾನಕ್ಕೆಂದು ಕಟ್ಟಿದ ಸ್ಯಾಟರ್ನ್ 5 ರಾಕೆಟ್ ಉಳಿದಿತ್ತು. ಆ ರಾಕೆಟ್‌ನ ಮೂರನೆಯ ಹಂತದ ಹೈಡ್ರೋಜನ್ ಟ್ಯಾಂಕನ್ನೇ ಕೋಣೆಗಳಾಗಿ ಮಾಡಿದರು. 6.6 ಮೀಟರ್ ವ್ಯಾಸ, ಸುಮಾರು 77 ಟನ್. ಸಲ್ಯೂಟ್ ಬಸ್ಸಾದರೆ ಇದು ಛತ್ರ.

1973ರ ಮೇ 14ರಂದು ಹಾರಿದ 63ನೆಯ ಸೆಕೆಂಡಿಗೆ ಎಡವಟ್ಟಾಯಿತು. ಉಲ್ಕೆಯ ಚೂರುಗಳಿಂದಲೂ ಬಿಸಿಲಿನಿಂದಲೂ ಕಾಯಬೇಕಿದ್ದ ತೆಳು ತಗಡಿನ ಹೊದಿಕೆ ಗಾಳಿಯ ರಭಸಕ್ಕೆ ಕಿತ್ತುಹೋಯಿತು. ಹೋಗುವಾಗ ಒಂದು ಸೌರಫಲಕದ ರೆಕ್ಕೆಯೂ ಕೈಬಿಟ್ಟಿತು, ಇನ್ನೊಂದು ರೆಕ್ಕೆಗೆ ತಗಡಿನ ಪಟ್ಟಿಯೊಂದು ಸುತ್ತಿಕೊಂಡು ತೆರೆಯದಂತಾಯಿತು. ಒಳಗಿನ ಶಾಖ 50 ಡಿಗ್ರಿ ಸೆಲ್ಸಿಯಸ್ ದಾಟಿತು. ಬಿಸಿಲಿಗೆ ಅಡ್ಡ ತಿರುಗಿಸಿದರೆ ವಿದ್ಯುತ್ ಸಾಲದು, ವಿದ್ಯುತ್ತಿಗಾಗಿ ಬಿಸಿಲಿಗೆ ಮುಖ ಮಾಡಿದರೆ ಒಳಗೆ ಬೇಯುತ್ತದೆ. ಹನ್ನೊಂದು ದಿನದ ಬಳಿಕ ಹೋದ ಪೀಟ್ ಕಾನ್ರಾಡ್, ಜೋಸೆಫ್ ಕರ್ವಿನ್, ಪಾಲ್ ವೈಟ್ಜ್ ಬಿಸಿಲ ಕಡೆಯ ಗೋಡೆಯಲ್ಲಿ ಉಪಕರಣಗಳಿಗೆಂದು ಇದ್ದ ಸಣ್ಣ ಕಿಂಡಿಯಿಂದ ಮಡಚಿದ ಕೊಡೆಯೊಂದನ್ನು ಹೊರತಳ್ಳಿ ಬಿಚ್ಚಿದರು. ಬಿಚ್ಚಿದಾಗ ಅದು ಸುಮಾರು 7 ಮೀಟರ್ ಉದ್ದಗಲದ ಚಪ್ಪರ. ಶಾಖ ದಿನದಿಂದ ದಿನಕ್ಕೆ ಇಳಿಯಿತು. ಜೂನ್ 7ರಂದು ಕಾನ್ರಾಡ್, ಕರ್ವಿನ್ ಹೊರಬಂದು, ಉದ್ದ ಕೋಲಿಗೆ ಕಟ್ಟಿದ ಕತ್ತರಿಯಿಂದ ಆ ತಗಡಿನ ಪಟ್ಟಿಯನ್ನು ತುಂಡರಿಸಿ, ಹಗ್ಗ ಹಾಕಿ ಎಳೆದು ರೆಕ್ಕೆ ಬಿಡಿಸಿದರು. ಕಕ್ಷೆಯಲ್ಲಿ ರಿಪೇರಿ ಮಾಡಬಹುದು ಎಂಬುದನ್ನು ಕಲಿಸಿದ ನಿಲ್ದಾಣ ಇದು.

ಸ್ಕೈಲ್ಯಾಬ್‌ಗೆ ಎರಡು ಬಾಗಿಲುಗಳಿದ್ದವು. ಎರಡನೆಯದು ರಕ್ಷಣಾ ನೌಕೆ ಬರಬೇಕಾದರೆ ಇರಲೆಂದು ಇಟ್ಟದ್ದು. ಎರಡನೆಯ ತಂಡದ ನೌಕೆಯ ಪುಟ್ಟ ಎಂಜಿನ್‌ಗಳು ಸೋರಿದಾಗ ರಕ್ಷಣಾ ರಾಕೆಟ್ ಸಜ್ಜಾಗಿತ್ತು, ಬೇಕಾಗಲಿಲ್ಲ. ಆದರೆ ಈ ಛತ್ರ ಬುತ್ತಿಯ ಲೆಕ್ಕದ್ದೇ. ಮೂರೂ ತಂಡಗಳ ಊಟ, ನೀರು, ಬಟ್ಟೆ ಬಹುತೇಕ ಎಲ್ಲ ಮೊದಲ ದಿನವೇ ತುಂಬಿ ಕಳಿಸಿದ್ದು. ನಿಲ್ದಾಣದ ಟ್ಯಾಂಕಿಗೆ ಹೊರಗಿನಿಂದ ತುಂಬಿಸಲು ಕೊಳಾಯಿಯೇ ಇರಲಿಲ್ಲ. 28, 59, 84 ದಿನಗಳ ಮೂರು ವಾಸಗಳಾಗಿ 1974ರ ಫೆಬ್ರವರಿಯಲ್ಲಿ ದೀಪ ಆರಿಸಿ ಬಂದರು. ಸ್ಪೇಸ್ ಶಟಲ್ ಬಂದು ಮೇಲೆತ್ತುತ್ತದೆ ಎಂಬ ನಂಬಿಕೆಯಿತ್ತು. ಶಟಲ್ ಹಾರುವುದು 1981ಕ್ಕೆ ಹೋಯಿತು. ಅಷ್ಟರಲ್ಲಿ ಸೂರ್ಯನ ಚಟುವಟಿಕೆ ಅಂದಾಜಿಗಿಂತ ಹೆಚ್ಚಾಗಿ, ಮೇಲಿನ ವಾತಾವರಣ ಕಾದು ಉಬ್ಬಿ, ತಡೆ ಹೆಚ್ಚಿತು. 1979ರ ಜುಲೈ 11ರಂದು ಸ್ಕೈಲ್ಯಾಬ್ ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಆಸ್ಟ್ರೇಲಿಯಾದ ಮೇಲೆ ಚೂರಾಗಿ ಬಿತ್ತು. ‘ಸ್ಕೈಲ್ಯಾಬ್ ತಲೆ ಮೇಲೆ ಬೀಳುತ್ತದಂತೆ’ ಎಂಬ ಭಯ ಆ ದಿನಗಳಲ್ಲಿ ಭಾರತದ ಹಳ್ಳಿಗಳವರೆಗೂ ಹಬ್ಬಿತ್ತು. ಭಯ ಪೂರ್ತಿ ಬುಡವಿಲ್ಲದ್ದೇನಲ್ಲ. ಎಲ್ಲಿ ಬೀಳಬೇಕೆಂದು ಕರಾರುವಾಕ್ಕಾಗಿ ನಿರ್ಧರಿಸಲು ಬೇಕಾದ ಎಂಜಿನ್, ಇಂಧನ ಎರಡೂ ಅದರಲ್ಲಿ ಇರಲಿಲ್ಲ.

1977: ಹಿತ್ತಲ ಬಾಗಿಲು

ಸಲ್ಯೂಟ್ 6 ಹಾರಿದ್ದು 1977ರ ಸೆಪ್ಟೆಂಬರ್ 29ರಂದು. ಹೊರನೋಟಕ್ಕೆ ಹಳೆಯದರಂತೆಯೇ. ವ್ಯತ್ಯಾಸ ಹಿಂಭಾಗದಲ್ಲಿ. ಮೊದಲು ಹಿಂತುದಿಯ ನಟ್ಟನಡುವೆ ಎಂಜಿನ್ ಕೂತಿತ್ತು. ಈಗ ಎಂಜಿನ್‌ಗಳನ್ನು ಅಂಚಿಗೆ ಸರಿಸಿ, ನಡುವೆ ಒಂದು ಓಣಿ ತೆಗೆದು, ಅದರ ಕೊನೆಗೆ ಎರಡನೆಯ ಬಾಗಿಲು ಇಟ್ಟರು. ಬಾಗಿಲ ಉಂಗುರದ ಮೂಲಕ ಇಂಧನದ ಕೊಳವೆಗಳನ್ನೂ ಹಾಯಿಸಿದರು.

ಮೊದಲ ಅತಿಥಿ ಸೋಯುಜ್ 25 ಮುಂಬಾಗಿಲಿಗೆ ಬಂದು ಬಿಗಿ ಹಿಡಿತ ಸಿಗದೆ ಮರಳಿತು. ಒಂದೇ ಬಾಗಿಲಿನ ಕಾಲದಲ್ಲಾದರೆ ಕಥೆ ಅಲ್ಲಿಗೇ ನಿಲ್ಲುವ ಅಪಾಯವಿತ್ತು. ದೋಷ ನೌಕೆಯದೋ ಬಾಗಿಲಿನದೋ ಗೊತ್ತಿಲ್ಲ. ಡಿಸೆಂಬರ್‌ನಲ್ಲಿ ಯೂರಿ ರೊಮಾನೆಂಕೊ, ಗ್ಯೋರ್ಗಿ ಗ್ರೆಚ್ಕೊ ಸೋಯುಜ್ 26ರಲ್ಲಿ ಹಿತ್ತಲ ಬಾಗಿಲಿಗೆ ಬಂದು ಒಳಹೊಕ್ಕರು. ಡಿಸೆಂಬರ್ 20ರಂದು ಗ್ರೆಚ್ಕೊ ಮುಂಬಾಗಿಲನ್ನು ಹೊರಗಿನಿಂದ ಪರೀಕ್ಷಿಸಿ, ಅದಕ್ಕೇನೂ ಆಗಿಲ್ಲ ಎಂದು ತಿಳಿಸಿದರು.

ಆಮೇಲಿನದು ನಮ್ಮ ಕಿರಿದಾದ ಓಣಿಗಳಲ್ಲಿ ಗಾಡಿ ಬದಲಿಸುವಂಥ ಲೆಕ್ಕಾಚಾರ. ಇಂಧನದ ಕೊಳವೆ ಇರುವುದು ಹಿತ್ತಲಲ್ಲಿ ಮಾತ್ರ. ಆದರೆ ಅಲ್ಲಿ ಸೋಯುಜ್ 26 ನಿಂತಿದೆ. ಜನವರಿಯಲ್ಲಿ ಸೋಯುಜ್ 27ರಲ್ಲಿ ಇಬ್ಬರು ಅತಿಥಿಗಳು ಮುಂಬಾಗಿಲಿಗೆ ಬಂದರು. ಮೂರು ನೌಕೆಗಳು ಒಂದಾಗಿ ಕೂಡಿದ್ದು ಅದೇ ಮೊದಲು. ಅತಿಥಿಗಳು ಹೋಗುವಾಗ ತಮ್ಮ ನೌಕೆ ಬಿಟ್ಟು, ಹಿತ್ತಲಲ್ಲಿದ್ದ ಹಳೆಯದನ್ನು ಹತ್ತಿ ಹೋದರು. ಇದರಿಂದ ಲಾಭ ಎರಡು. ಸೋಯುಜ್ ಅನ್ನು ಕಕ್ಷೆಯಲ್ಲಿ ಸುಮಾರು ಮೂರು ತಿಂಗಳಿಗಿಂತ ಹೆಚ್ಚು ಇಡುವಂತಿರಲಿಲ್ಲ, ಇಳಿಯುವಾಗ ದಿಕ್ಕು ಹಿಡಿಯಲು ಬಳಸುವ ಹೈಡ್ರೋಜನ್ ಪೆರಾಕ್ಸೈಡ್ ನಿಧಾನವಾಗಿ ತಾನೇ ಒಡೆದು ಸತ್ವ ಕಳೆದುಕೊಳ್ಳುತ್ತದೆ. ಮನೆಯವರಿಗೆ ಈಗ ಹೊಸ ನೌಕೆ ಸಿಕ್ಕಿತು. ಜತೆಗೆ ಹಿತ್ತಲೂ ತೆರವಾಯಿತು. ಜನವರಿ 22ರಂದು ಅಲ್ಲಿಗೆ ಬಂದದ್ದು ಪ್ರೋಗ್ರೆಸ್ 1, ಮನುಷ್ಯರಿಲ್ಲದ ಮೊದಲ ಸರಕು ನೌಕೆ.

ಪ್ರೋಗ್ರೆಸ್ ಎಂದರೆ ಸೋಯುಜ್‌ನ ನಡುಭಾಗದಲ್ಲಿ ಮನುಷ್ಯರು ಕೂರುವ ಕೋಶ ತೆಗೆದು ಅಲ್ಲಿ ಇಂಧನದ ಟ್ಯಾಂಕುಗಳನ್ನು ಇಟ್ಟದ್ದು. ಒಟ್ಟು 7 ಟನ್‌ನಲ್ಲಿ ಸರಕು 2.3 ಟನ್. ಖಾಲಿಯಾದ ಮೇಲೆ ಅದರಲ್ಲಿ ಮನೆಯ ಕಸ ತುಂಬುತ್ತಾರೆ, ಕಳಚಿ ಬಿಡುತ್ತಾರೆ, ವಾತಾವರಣದಲ್ಲಿ ಎಲ್ಲ ಸುಟ್ಟುಹೋಗುತ್ತದೆ. ತರಕಾರಿ ಗಾಡಿಯೂ ಅದೇ, ಕಸದ ಗಾಡಿಯೂ ಅದೇ.

ಅತಿಥಿಯ ಸೋಯುಜ್ ಹಿತ್ತಲಲ್ಲಿ ಉಳಿದರೆ ಅದನ್ನು ಮುಂದಕ್ಕೆ ತರಬೇಕಲ್ಲ? 1978ರ ಸೆಪ್ಟೆಂಬರ್‌ನಲ್ಲಿ ಸೋಯುಜ್ 31ರೊಂದಿಗೆ ಮೊದಲ ಬಾರಿ ಮಾಡಿದ ಉಪಾಯ ಸೊಗಸಾಗಿದೆ. ನೌಕೆ ಕಳಚಿ ನೂರಾರು ಮೀಟರ್ ಹಿಂದೆ ಸರಿದು ಸುಮ್ಮನೆ ನಿಂತಿತು. ಸುತ್ತಿ ಬಂದದ್ದು ನೌಕೆಯಲ್ಲ. ಮನೆಯೇ 180 ಡಿಗ್ರಿ ತಿರುಗಿ ಮುಂಬಾಗಿಲು ತೋರಿಸಿತು.

ತೇಲುವ ಕಡೆ ಟ್ಯಾಂಕ್ ತುಂಬಿಸುವುದು

ಪೆಟ್ರೋಲ್ ಬಂಕಿನಲ್ಲಿ ಪೈಪ್ ಇಟ್ಟರೆ ಪೆಟ್ರೋಲ್ ಕೆಳಗೆ ಕೂರುತ್ತದೆ, ಒಳಗಿದ್ದ ಗಾಳಿ ಮೇಲಿನಿಂದ ಹೊರಬರುತ್ತದೆ. ಕಕ್ಷೆಯಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. ದ್ರವ ಮತ್ತು ಅನಿಲ ಕಲೆತು ಗುಳ್ಳೆಗಳಾಗಿ ತೇಲುತ್ತವೆ. ಗುಳ್ಳೆ ಎಂಜಿನ್‌ಗೆ ಹೋದರೆ ಉರಿ ತಪ್ಪುತ್ತದೆ. ಸಾಲದ್ದಕ್ಕೆ ಇಲ್ಲಿನ ಇಂಧನ ಒಂದು ಬಗೆಯ ಹೈಡ್ರಜೀನ್, ಅದನ್ನು ಉರಿಸುವ ದ್ರವ ನೈಟ್ರೋಜನ್ ಟೆಟ್ರಾಕ್ಸೈಡ್. ಎರಡೂ ವಿಷ, ಒಂದಕ್ಕೊಂದು ತಗುಲಿದರೆ ಕಿಡಿಯಿಲ್ಲದೆ ಹೊತ್ತಿಕೊಳ್ಳುತ್ತವೆ. ಆದ್ದರಿಂದ ಕೊಳವೆಗಳು ಮನುಷ್ಯರಿರುವ ಕೋಣೆಯೊಳಗೆ ಬರುವುದೇ ಇಲ್ಲ.

ಉತ್ತರ ಸಿಕ್ಕಿದ್ದು ತಿದಿಯಲ್ಲಿ. ಹಾರ್ಮೋನಿಯಂನ ತಿದಿಯಂತೆ ಮಡಿಕೆ ಮಡಿಕೆಯಾದ ಲೋಹದ ಚೀಲ ಟ್ಯಾಂಕಿನೊಳಗಿದೆ. ತಿದಿಯ ಒಂದು ಕಡೆ ದ್ರವ, ಇನ್ನೊಂದು ಕಡೆ ನೈಟ್ರೋಜನ್ ಅನಿಲ. ಅನಿಲ ಒತ್ತಿದರೆ ದ್ರವ ಎಂಜಿನ್ ಕಡೆಗೆ ಹೋಗುತ್ತದೆ, ಎರಡೂ ಎಂದಿಗೂ ಬೆರೆಯುವುದಿಲ್ಲ. ತುಂಬಿಸುವಾಗ ಕ್ರಮ ತಿರುವುಮುರುವು. ಮೊದಲು ಕೊಳವೆಗಳ ಜೋಡಣೆ ಸೋರುವುದಿಲ್ಲವೆಂದು ಒತ್ತಡ ಹಾಕಿ ನೋಡುತ್ತಾರೆ. ಆಮೇಲೆ ನಿಲ್ದಾಣದ ಟ್ಯಾಂಕಿನಲ್ಲಿರುವ ನೈಟ್ರೋಜನ್ ಅನ್ನು ಕಂಪ್ರೆಸರ್‌ನಿಂದ ಹೀರಿ ಸಿಲಿಂಡರಿಗೆ ತುಂಬುತ್ತಾರೆ. ಕಂಪ್ರೆಸರ್ ತುಂಬಾ ವಿದ್ಯುತ್ ತಿನ್ನುವುದರಿಂದ ಈ ಹಂತವೇ ಹೆಚ್ಚು ಹೊತ್ತು ಹಿಡಿಯುತ್ತದೆ. ಟ್ಯಾಂಕಿನ ಒತ್ತಡ ಪ್ರೋಗ್ರೆಸ್‌ನ ಟ್ಯಾಂಕಿಗಿಂತ ಕಡಿಮೆಯಾದ ಮೇಲೆ ವಾಲ್ವ್ ತೆರೆದರೆ ದ್ರವ ತಾನಾಗಿ ಈ ಕಡೆಗೆ ಬಂದು ತಿದಿ ಹಿಗ್ಗುತ್ತದೆ. ಇಂಧನ, ಅದನ್ನು ಉರಿಸುವ ದ್ರವ ಎರಡನ್ನೂ ಬೇರೆ ಬೇರೆಯಾಗಿಯೇ ಸಾಗಿಸಬೇಕು. ಕೊನೆಗೆ ಕೊಳವೆಯಲ್ಲಿ ಉಳಿದ ಹನಿಗಳನ್ನು ನೈಟ್ರೋಜನ್‌ನಿಂದ ಊದಿ ಹೊರಹಾಕುತ್ತಾರೆ, ಇಲ್ಲದಿದ್ದರೆ ಕಳಚುವಾಗ ವಿಷ ಬಾಗಿಲ ಗ್ಯಾಸ್ಕೆಟ್‌ಗೆ ಅಂಟುತ್ತದೆ.

1978ರ ಫೆಬ್ರವರಿ ಮೊದಲ ವಾರದಲ್ಲಿ ಇದು ಮೊದಲ ಬಾರಿ ನಡೆಯಿತು. ರೊಮಾನೆಂಕೊ, ಗ್ರೆಚ್ಕೊ 96 ದಿನ ಇದ್ದು ಸ್ಕೈಲ್ಯಾಬ್‌ನ 84 ದಿನಗಳನ್ನು ದಾಟಿದರು. ಸಲ್ಯೂಟ್ 6ಕ್ಕೆ ಒಟ್ಟು 12 ಪ್ರೋಗ್ರೆಸ್‌ಗಳು ಬಂದವು. 1980ರ ಹೊತ್ತಿಗೆ ಒಂದು ವಾಸ 185 ದಿನಕ್ಕೆ ಮುಟ್ಟಿತ್ತು.

ರಾಕೇಶ್ ಶರ್ಮಾ ಹೋದ ಮನೆ

1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಹೋದದ್ದು ಅದೇ ನಕ್ಷೆಯ ಸಲ್ಯೂಟ್ 7ಕ್ಕೆ. ಜತೆಗೆ ಒಯ್ದ ಭಾರತೀಯ ತಿನಿಸುಗಳನ್ನು ತಯಾರಿಸಿದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ. ಶರ್ಮಾ ಹೋದದ್ದು ಸೋಯುಜ್ ಟಿ-11ರಲ್ಲಿ, ಬಂದದ್ದು ಟಿ-10ರಲ್ಲಿ. ರಸಪ್ರಶ್ನೆಗಳಲ್ಲಿ ಗೊಂದಲ ಮಾಡುವ ಈ ವಿವರಕ್ಕೆ ಕಾರಣ ಮೇಲೆ ಹೇಳಿದ ಗಾಡಿ ಬದಲಿಸುವ ಪದ್ಧತಿಯೇ.

ಅವರು ಇದ್ದಾಗ ಆ ಮನೆಯ ಪ್ಲಂಬಿಂಗ್ ಕೆಟ್ಟಿತ್ತು. 1983ರ ಸೆಪ್ಟೆಂಬರ್‌ನಲ್ಲಿ ಟ್ಯಾಂಕ್ ತುಂಬಿಸುವಾಗ ಒಂದು ಕೊಳವೆ ಒಡೆದಿತ್ತು. ಶರ್ಮಾ ಮರಳಿದ ಎರಡು ವಾರದೊಳಗೆ ಲಿಯೊನಿದ್ ಕಿಜಿಮ್, ವ್ಲಾದಿಮಿರ್ ಸೊಲೊವ್ಯೊವ್ ಹಿಂಭಾಗಕ್ಕೆ ಹೊರಗಿನಿಂದ ನಡೆದುಹೋಗಿ ದುರಸ್ತಿ ಶುರು ಮಾಡಿದರು. ಒಟ್ಟು ಐದು ಬಾರಿ ಹೊರಗೆ ಹೋಗಬೇಕಾಯಿತು. ಹೊರ ಹೊದಿಕೆ ಕತ್ತರಿಸಿ, ಒಡೆದ ಕೊಳವೆಯನ್ನು ಬಿಟ್ಟು ಪಕ್ಕದಿಂದ ಹೊಸದನ್ನು ಜೋಡಿಸಿ, ಕೊನೆಗೆ ಹಳೆಯದನ್ನು ಅದುಮಿ ಬಾಯಿ ಮುಚ್ಚಿದರು.

1985ರ ಫೆಬ್ರವರಿಯಲ್ಲಿ ಯಾರೂ ಇಲ್ಲದಾಗ ಸಲ್ಯೂಟ್ 7 ಮೌನವಾಯಿತು. ಬ್ಯಾಟರಿ ತುಂಬಿದೆಯೇ ಎಂದು ನೋಡುವ ಸೆನ್ಸರ್ ಕೆಟ್ಟು, ಖಾಲಿ ಬ್ಯಾಟರಿಯನ್ನೂ ತುಂಬಿದೆ ಎಂದು ಹೇಳಿ ಸೌರಫಲಕದ ಸಂಪರ್ಕ ಕಡಿಯುತ್ತಿತ್ತು. ಜೂನ್‌ನಲ್ಲಿ ವ್ಲಾದಿಮಿರ್ ಜಾನಿಬೆಕೊವ್, ವಿಕ್ತರ್ ಸವಿನಿಖ್ ಕಣ್ಣಳತೆಯಲ್ಲೇ ನೌಕೆ ನಡೆಸಿ ಡಾಕಿಂಗ್ ಮಾಡಿದರು. ಒಳಗೆ ಗೋಡೆಗಳ ಮೇಲೆ ಹಿಮ, ನೀರೆಲ್ಲ ಗಡ್ಡೆ. ಫ್ಯಾನ್ ತಿರುಗದೆ ಇನ್ನೊಂದು ತೊಂದರೆಯಾಯಿತು: ತೂಕವಿಲ್ಲದ ಕಡೆ ಬಿಸಿ ಗಾಳಿ ಮೇಲೇರುವುದಿಲ್ಲ, ಬಿಟ್ಟ ಉಸಿರು ಮುಖದ ಸುತ್ತಲೇ ಮೋಡವಾಗಿ ನಿಂತು ತಲೆನೋವು ತರುತ್ತದೆ. ಎಂಟು ಬ್ಯಾಟರಿಗಳಲ್ಲಿ ಸರಿಯಿದ್ದ ಆರನ್ನು ಸೌರಫಲಕದ ತಂತಿಗೆ ನೇರವಾಗಿ ಜೋಡಿಸಿ ಮನೆಗೆ ಜೀವ ತಂದರು.

ಮಿರ್: ಬಾಗಿಲಿಗೆ ಸಿಕ್ಕಿದ ಕಸದ ಚೀಲ

1986ರ ಫೆಬ್ರವರಿಯಲ್ಲಿ ಹಾರಿದ ಸೋವಿಯತ್ ನಿಲ್ದಾಣ ‘ಮಿರ್’ಗೆ ಬಾಗಿಲು ಆರು, ಮುಂದೆ ಐದು, ಹಿಂದೆ ಒಂದು. ಬಾಗಿಲು ಹೆಚ್ಚಿದಾಗ ನೌಕೆಗಳಷ್ಟೇ ಅಲ್ಲ, ಕೋಣೆಗಳೇ ಬಂದು ಸೇರಬಹುದು.

ಮೊದಲ ಕೋಣೆ ‘ಕ್ವಾಂಟ್’ 1987ರ ಏಪ್ರಿಲ್ 9ರಂದು ಹಿತ್ತಲ ಬಾಗಿಲಿಗೆ ಬಂತು. ಮೊದಲ ಹಿಡಿತ ಸಿಕ್ಕಿತು, ಬಿಗಿ ಹಿಡಿತ ಸಿಗಲಿಲ್ಲ. ಎರಡು ದಿನ ಬಿಟ್ಟು ಹೊರಗೆ ಹೋಗಿ ನೋಡಿದರೆ ಉಂಗುರಗಳ ನಡುವೆ ಒಂದು ಚೀಲ. ಹಿಂದಿನ ಪ್ರೋಗ್ರೆಸ್‌ಗೆ ಕಸ ತುಂಬುವಾಗ ಸಿಕ್ಕಿಕೊಂಡದ್ದು. ಕುಕ್ಕರ್‌ನ ಗ್ಯಾಸ್ಕೆಟ್‌ಗೆ ಒಂದು ಅನ್ನದ ಅಗುಳು ಅಂಟಿದರೆ ಮುಚ್ಚಳ ಕೂರದೆ ಆವಿ ಹೋಗುವುದಿಲ್ಲವೇ, ಹಾಗೆ. ಚೀಲ ಕಿತ್ತು ಹೊರಗೆಳೆದ ಮೇಲೆ ಕ್ವಾಂಟ್ ಮತ್ತು ಅದನ್ನು ತಳ್ಳಿ ತಂದ ನೌಕೆ, ಸುಮಾರು 20 ಟನ್‌ನ ಆ ಜೋಡಿ ಬಂದು ಬಿಗಿಯಾಗಿ ಕೂತಿತು. ಕ್ವಾಂಟ್‌ಗೂ ತನ್ನದೇ ಹಿಂಬಾಗಿಲು ಇತ್ತು, ಇಂಧನದ ಕೊಳವೆಗಳು ಅದರ ಮೂಲಕ ಹಾಯ್ದು ಮಿರ್‌ಗೆ ಹೋಗುತ್ತಿದ್ದವು.

ಬಾಗಿಲು ತೆರೆಯುವುದಷ್ಟೇ ಅಲ್ಲ, ತಕ್ಷಣ ಮುಚ್ಚುವಂತೆಯೂ ಇರಬೇಕು. 1997ರ ಜೂನ್ 25ರಂದು ಪ್ರೋಗ್ರೆಸ್ ಒಂದು ‘ಸ್ಪೆಕ್ಟರ್’ ಕೋಣೆಗೆ ಗುದ್ದಿ ಗಾಳಿ ಸೋರತೊಡಗಿತು. ಕದ ಮುಚ್ಚೋಣವೆಂದರೆ ಹೊಸ್ತಿಲ ಮೇಲೆ ಕೇಬಲ್‌ಗಳು ಹಾದುಹೋಗಿದ್ದವು. ಅವನ್ನು ಕಳಚಿ, ಕೆಲವನ್ನು ಕತ್ತರಿಸಿ ಮುಚ್ಚಳ ಹಾಕುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಹೋದವು.

ಮತ್ತೆ ಜ್ವೆಜ್ದಾ

ಈಗಿನ ನಿಲ್ದಾಣದ ಮೊದಲ ಘಟಕ 1998ರ ನವೆಂಬರ್ 20ರಂದು ಹಾರಿತು. ಅದರ ಹೆಸರು ಜಾರ್ಯಾ, 27 ವರ್ಷದ ಹಿಂದೆ ಕೊನೆ ಗಳಿಗೆಯಲ್ಲಿ ಕೈಬಿಟ್ಟ ಅದೇ ಹೆಸರು. ಡಿಸೆಂಬರ್‌ನಲ್ಲಿ ಆರು ಬಾಗಿಲುಗಳ ಅಮೆರಿಕನ್ ಘಟಕ ‘ಯೂನಿಟಿ’ ಸೇರಿತು. 2000ದ ಜುಲೈನಲ್ಲಿ ಜ್ವೆಜ್ದಾ ಬಂತು. ನವೆಂಬರ್ 2ರಂದು ಬಿಲ್ ಶೆಫರ್ಡ್, ಯೂರಿ ಗಿಜೆಂಕೊ, ಸೆರ್ಗೆಯ್ ಕ್ರಿಕಾಲ್ಯೊವ್ ಒಳಹೊಕ್ಕ ಮೇಲೆ ಆ ಮನೆ ಒಂದು ದಿನವೂ ಖಾಲಿ ಬಿದ್ದಿಲ್ಲ.

ಜ್ವೆಜ್ದಾ ಸಲ್ಯೂಟ್ ವಂಶದ್ದು. ಸಲ್ಯೂಟ್ 1 ಆ ಸಾಲಿನ ಮೊದಲನೆಯದು, ಮಿರ್ ಏಳನೆಯದು, ಇದು ಎಂಟನೆಯದು. ಅತಿ ಅಗಲದ ಕಡೆ ವ್ಯಾಸ ಅದೇ 4.15 ಮೀಟರ್. ಹಿಂದೆ ಅದೇ ಓಣಿ, ಅದೇ ಹಿತ್ತಲ ಬಾಗಿಲು. ನಿಲ್ದಾಣವನ್ನು ಮೇಲೆತ್ತಲು ಆ ಬಾಗಿಲಿಗೆ ನಿಂತ ಪ್ರೋಗ್ರೆಸ್‌ನ ಎಂಜಿನ್ ಅನುಕೂಲ, ಏಕೆಂದರೆ ಅದು ಹಿಂದಿನಿಂದ ನೇರವಾಗಿ ತಳ್ಳುತ್ತದೆ.

ಆ ಓಣಿಯಲ್ಲಿ 2019ರಲ್ಲಿ ಗಾಳಿ ಸಣ್ಣಗೆ ಸೋರತೊಡಗಿತು. ಕೂದಲೆಳೆಯಂಥ ಬಿರುಕನ್ನು ಕಣ್ಣಿನಿಂದ ಹುಡುಕುವುದು ಕಷ್ಟ. 2020ರ ಅಕ್ಟೋಬರ್‌ನಲ್ಲಿ ಒಂದು ಟೀ ಬ್ಯಾಗ್ ಹರಿದು ಸೊಪ್ಪಿನ ಚೂರುಗಳನ್ನು ಓಣಿಯಲ್ಲಿ ತೇಲಬಿಟ್ಟು, ಕದ ಮುಚ್ಚಿ, ಕ್ಯಾಮೆರಾ ಇಟ್ಟರು. ಚೂರುಗಳು ಮೆಲ್ಲಗೆ ಸರಿದು ಬಿರುಕಿನ ಬಳಿ ಸೇರಿದವು. ಬಿರುಕಿಗೆ ಕಾರಣ ಕಂಪನದಿಂದ ಲೋಹ ದಣಿದದ್ದು ಎಂದು ರಷ್ಯನ್ನರೂ, ಒತ್ತಡ, ಲೋಹದ ಗುಣ, ಹೊರಗಿನ ವಾತಾವರಣ ಎಲ್ಲ ಸೇರಿದೆ ಎಂದು ಅಮೆರಿಕನ್ನರೂ ಹೇಳುತ್ತ ಬಂದರು. ಸರಕು ಸಾಗಿಸುವಾಗ ಬಿಟ್ಟರೆ ಓಣಿಯ ಕದ ಮುಚ್ಚಿಯೇ ಇಡುವುದು ರೂಢಿಯಾಯಿತು.

2025ರ ಜೂನ್‌ನ ಒಗಟು ಇನ್ನೂ ಸ್ವಾರಸ್ಯದ್ದು. ಬಿರುಕುಗಳಿಗೆ ಮತ್ತೆ ಮೆತ್ತಿದ ಮೇಲೆ ಓಣಿಯ ಒತ್ತಡ ಇಳಿಯುವುದು ನಿಂತಿತು. ನಿಂತರೆ ಒಳ್ಳೆಯದಲ್ಲವೇ? ಒಳ್ಳೆಯದೇ, ಬಿರುಕು ಮುಚ್ಚಿದ್ದರೆ. ಆದರೆ ಓಣಿಗೂ ಮನೆಗೂ ನಡುವಿನ ಕದದ ಗ್ಯಾಸ್ಕೆಟ್ ಸಡಿಲವಾಗಿ, ಹೊರಗೆ ಹೋದಷ್ಟೇ ಗಾಳಿ ಮನೆಯೊಳಗಿಂದ ಓಣಿಗೆ ಬರುತ್ತಿದ್ದರೂ ಮೀಟರ್ ಇದೇ ಅಂಕಿ ತೋರಿಸುತ್ತದೆ. ತಳ ತೂತಾದ ಬಕೆಟ್ಟಿಗೆ ನಲ್ಲಿ ಬಿಟ್ಟಿದ್ದರೆ ನೀರಿನ ಮಟ್ಟ ಇಳಿಯುವುದಿಲ್ಲ. ಯಾವುದು ನಿಜವೆಂದು ತಿಳಿಯಲು ಓಣಿಯ ಒತ್ತಡವನ್ನು ಮಾಮೂಲಿ 760ರ ಆಸುಪಾಸಿನಿಂದ 100 ಮಿ.ಮೀ. ಪಾದರಸಕ್ಕೆ ಇಳಿಸಿ, ಏರುತ್ತದೋ ಇಲ್ಲವೋ ಎಂದು ಗಮನಿಸುತ್ತ ಕಾದರು. ಶುಕ್ಲಾ ಅವರ ಹಾರಾಟ ಜೂನ್ 25ಕ್ಕೆ ಹೋದದ್ದು ಹೀಗೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ಸಂಶೋಧಕರು ಮೊಳಕೆ ಪ್ರಯೋಗಕ್ಕೆ ಕೊಟ್ಟ ಮೆಂತ್ಯ, ಹೆಸರುಕಾಳುಗಳೂ ಅಷ್ಟು ದಿನ ಕಾದವು.

ಇಸ್ರೊ ಎಲ್ಲಿದೆ

ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಘಟಕವನ್ನು 2028ಕ್ಕೆ ಕಳಿಸಿ, ಐದು ಘಟಕಗಳ ಮನೆಯನ್ನು 2035ಕ್ಕೆ ಪೂರ್ತಿ ಮಾಡುವುದು ಇಸ್ರೊ ಯೋಜನೆ. ಘಟಕಗಳು ಒಂದಕ್ಕೊಂದು ಸೇರಬೇಕಾದರೆ ಮೊದಲು ಬಾಗಿಲು ಬರಬೇಕು. 2024ರ ಡಿಸೆಂಬರ್ 30ರಂದು ಹಾರಿಸಿದ ಸ್ಪೇಡೆಕ್ಸ್ ಅದರ ಅಭ್ಯಾಸ, ತಲಾ ಸುಮಾರು 220 ಕೆ.ಜಿ.ಯ ಎರಡು ಉಪಗ್ರಹಗಳು. ಇಲ್ಲಿ ಕಡ್ಡಿ ಮತ್ತು ಆಲಿಕೆ ಇಲ್ಲ. ಎರಡೂ ಕಡೆ ಒಂದೇ ಬಗೆಯ ಉಂಗುರ, ಯಾವುದು ಯಾವುದನ್ನು ಬೇಕಾದರೂ ಹಿಡಿಯಬಹುದು. ಎರಡು ಬಾರಿ ಮುಂದೂಡಿ, ಒಮ್ಮೆ 3 ಮೀಟರ್‌ವರೆಗೆ ಬಂದು ಹಿಂದೆ ಸರಿದು, 2025ರ ಜನವರಿ 16ರಂದು ಅವು ಸೇರಿದವು. ಮಾರ್ಚ್ 13ರಂದು ಬಿಡಿಸಿದರು, ಏಪ್ರಿಲ್‌ನಲ್ಲಿ ಮತ್ತೆ ಸೇರಿಸಿ ಒಂದರಿಂದ ಇನ್ನೊಂದಕ್ಕೆ ವಿದ್ಯುತ್ ಹಾಯಿಸಿದರು. ದ್ರವ ಇಂಧನ ಹಾಯಿಸುವ ಕೊಳವೆ ಆ ಉಪಗ್ರಹಗಳಲ್ಲಿ ಇರಲಿಲ್ಲ.